ಬರಿಗಿವಿಯ ಪರಿಶುದ್ಧತೆ

ಮೂರು ವರ್ಷ ನಾನು ನಮ್ಮ ಸಭೆಯಲ್ಲಿ ಪರಿಶುದ್ಧ ಹೆಂಗಸು ಎಂದು ಹೆಸರಾಗಿದ್ದೆ. ಅದಕ್ಕೆ ಕಾರಣ ನನ್ನ ಬರಿಯ ಕಿವಿ.

ಸಭೆ ಎಂದರೆ ಭಾಷಣದ ಸಭೆಯಲ್ಲ. ಒಂದು ಚರ್ಚಿಗೆ ಸೇರಿದ ಜನರನ್ನೆಲ್ಲ ಒಟ್ಟಾಗಿ ನಾವು ಕ್ರೈಸ್ತರು ಹಾಗೆ ಕರೆಯುತ್ತೇವೆ. ನಮ್ಮ ಸಭೆಯಲ್ಲಿ ಬಿಸಿಲು ಏರುವ ಹೊತ್ತಿಗೆ, ಶ್ರಮಕಾಲದ ದಿನಗಳಲ್ಲಿ, ವರ್ಷಕ್ಕೊಮ್ಮೆ ಉಜ್ಜೀವನ ಕೂಟ ನಡೆಯುತ್ತದೆ. ಚರ್ಚಿನ ಬಯಲಿನಲ್ಲಿ ಪೆಂಡಾಲು ಏಳುತ್ತದೆ. ಮೂರು ರಾತ್ರಿ ಹಾಡು, ಪ್ರಾರ್ಥನೆ, ಪ್ರಸಂಗ. ಪರವೂರಿನಿಂದ ಬಂದ ಪ್ರಸಂಗಿಗಳು ಪಾಪದ ವಿಷಯ ಮಾತಾಡುತ್ತಾರೆ, ನಾವು ಅಳುತ್ತೇವೆ. ಮೂರನೆಯ ರಾತ್ರಿ ಮುಗಿಯುವಾಗ ಸೆರಗುಗಳೆಲ್ಲ ಒದ್ದೆಯಾಗಿರುತ್ತವೆ. 'ಈ ವರ್ಷ ಕೂಟ ಬಹಳ ಆಶೀರ್ವಾದವಾಗಿತ್ತು' ಎಂದು ಹೇಳಿಕೊಂಡು ಮನೆಗೆ ಬಂದು, ಮರುದಿನ ಬೆಳಿಗ್ಗೆ ಹಾಲಿನವನ ಜೊತೆ ಎಂದಿನಂತೆ ಜಗಳಕ್ಕೆ ನಿಲ್ಲುತ್ತೇವೆ.

ಅಂಥ ಒಂದು ವರ್ಷ ಬಂದ ಪ್ರಸಂಗಿಗಳು ಪರಿಶುದ್ಧತೆಯ ವಿಷಯ ತೆಗೆದುಕೊಂಡರು. ಪೇತ್ರನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯ ಓದಿದರು. ಹೆಂಗಸಿಗೆ ಜಡೆಯೂ ಚಿನ್ನವೂ ಅಲಂಕಾರವಲ್ಲ, ಒಳಗಿನ ಸೌಮ್ಯ ಮನಸ್ಸೇ ಅಲಂಕಾರ ಎನ್ನುವ ಭಾಗ ಅದು. ಒಳಗಿನ ಮನಸ್ಸಿಗೆ ಎರಡು ನಿಮಿಷ, ಹೊರಗಿನ ಚಿನ್ನಕ್ಕೆ ಒಂದು ಗಂಟೆ ಕೊಟ್ಟರು. ಕೊನೆಗೆ, 'ಕರ್ತನಿಗಾಗಿ ಯಾರು ಕಳಚಿಡುತ್ತೀರಿ?' ಎಂದು ಕರೆದರು. ಕಾಣಿಕೆಯ ಚೀಲ ಹೆಂಗಸರ ಕಡೆಗೆ ಬಂತು. ಬಳೆ, ಉಂಗುರ, ಓಲೆ ಬಿದ್ದವು. ನಾನೂ ನಡುಗುವ ಕೈಯಿಂದ ನನ್ನ ಬೆಂಡೋಲೆ ಕಳಚಿ ಹಾಕಿದೆ. ತಾಯಿ ಕೊಟ್ಟ ಓಲೆ. ನನ್ನ ಕಣ್ಣೀರು ಕಪಟದ್ದಾಗಿರಲಿಲ್ಲ, ಅಷ್ಟನ್ನು ಹೇಳಬಲ್ಲೆ.

ಆ ಹೊತ್ತಿನಲ್ಲಿ ಗಂಡಸರ ಕಡೆ ಏನಾಯಿತು? ಏನೂ ಆಗಲಿಲ್ಲ. ಅವರು ಕೈಕಟ್ಟಿ ಕೂತಿದ್ದರು. ಚಿನ್ನದ ಪಟ್ಟಿಯ ಕೈಗಡಿಯಾರ ಬಿಚ್ಚಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ವಿಧವೆ ತಂಗಿಯ ಪಾಲಿನ ಹೊಲ ನುಂಗಿದವರು, ಮಗನ ಮದುವೆಗೆ ಲೆಕ್ಕ ಹಾಕಿ ವರದಕ್ಷಿಣೆ ಎಣಿಸಿಕೊಂಡವರು, ಅಂಗಡಿಯ ಹುಡುಗನಿಗೆ ಅರ್ಧ ಪಗಾರ ಕೊಡುವವರು ಎಲ್ಲರೂ ಅಲ್ಲಿದ್ದರು. ಊರು ಸಣ್ಣದು, ಯಾರ ವಿಷಯ ಯಾರಿಗೆ ಗೊತ್ತಿಲ್ಲ? ಅವರ ಪರಿಶುದ್ಧತೆ ಅವರ ಹೆಂಡಂದಿರ ಕಿವಿಯ ಮೂಲಕ ಅಂದು ಸಾಧಿತವಾಯಿತು.

ಇಷ್ಟೇ ಆಗಿದ್ದರೆ ಗಂಡಸರನ್ನು ಬಯ್ದು ಈ ಲೇಖನ ಮುಗಿಸಬಹುದಿತ್ತು. ಓದುವ ಅಕ್ಕತಂಗಿಯರೂ ತಲೆಯಾಡಿಸುತ್ತಿದ್ದಿರಿ. ಆದರೆ ನಾನು ಚೀಲಕ್ಕೆ ಹಾಕಿದ ಓಲೆಗೆ ಒಂದು ಕಥೆಯಿದೆ.

ಕೂಟಕ್ಕೆ ಒಂದು ವರ್ಷ ಮೊದಲು, ಚಳಿಗಾಲದ ಕೊನೆಯ ದಿನಗಳಲ್ಲಿ, ಆ ಓಲೆಗಳಲ್ಲಿ ಒಂದು ಕಳೆದುಹೋಯಿತು. ರಾತ್ರಿ ಕಳಚಿ ತಲೆದಿಂಬಿನ ಹತ್ತಿರ ಇಟ್ಟಿದ್ದೆ, ಬೆಳಿಗ್ಗೆ ಒಂದೇ ಇತ್ತು. ಕಸ ಹೊಡೆಯಲು ಒಳಗೆ ಬಂದವಳು ಮನೆಗೆಲಸದಾಕೆ ಒಬ್ಬಳೇ. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಒಮ್ಮೆ ಅದನ್ನು ಬೀದಿಗೆ ಎಳೆದದ್ದು ಸಾಕು. ನಾಲ್ಕು ವರ್ಷ ನಮ್ಮಲ್ಲಿ ಮುಸುರೆ ತಿಕ್ಕಿದ್ದಳು. 'ಅಕ್ಕಾರ, ನನ್ನ ಮಕ್ಕಳ ಆಣಿ, ನಾ ನೋಡೇ ಇಲ್ರಿ' ಎಂದಳು. ನಾನು ಕೇಳಲಿಲ್ಲ. ಅಂದು ನಳ ಬಂದಿತ್ತು. ನಮ್ಮ ಕಡೆ ನಳ ಬರುವುದೆಂದರೆ ವಾರಕ್ಕೊಮ್ಮೆ ಬರುವ ಹಬ್ಬ, ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಬಾಗಿಲಲ್ಲೇ ಇದ್ದರು. ಅವರೆಲ್ಲರ ಮುಂದೆ ನಾನು ಆಕೆಯನ್ನು ಕಳ್ಳಿ ಎಂದೆ. ಎರಡು ತಿಂಗಳ ಪಗಾರ ಬಾಕಿ ಇತ್ತು, 1,200 ರೂಪಾಯಿ. ಓಲೆಯ ಬೆಲೆಗೆ ಇದು ಯಾವ ಮೂಲೆಗೆ ಎಂದು ಅದನ್ನೂ ಇಟ್ಟುಕೊಂಡು ಹೊರಗೆ ಹಾಕಿದೆ. ಆ ವಾರವೇ ನಮ್ಮ ಓಣಿಯ ಇನ್ನೂ ಮೂರು ಮನೆಯವರು ಆಕೆಯನ್ನು ಬಿಡಿಸಿದರು.

ಬಿಸಿಲು ಬಂದಾಗ ಕೌದಿಗಳನ್ನು ಮಡಚಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆವು. ಎಂಟು ತಿಂಗಳ ಮೇಲೆ ಮತ್ತೆ ಚಳಿ ಬಿತ್ತು. ಗಂಟು ಬಿಚ್ಚಿ ಕೌದಿ ಕೊಡವಿದರೆ ಹೊಲಿಗೆಯ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಓಲೆ ಟಣ್ಣೆಂದು ನೆಲಕ್ಕೆ ಬಿತ್ತು.

ನಾನು ಬಾಗಿಲು ಹಾಕಿಕೊಂಡು ಮೊಣಕಾಲೂರಿ ಅತ್ತೆ. ದೇವರೇ ಕ್ಷಮಿಸು ಎಂದೆ. ಒಂದು ದಿನವಲ್ಲ, ಎಷ್ಟೋ ದಿನ. ಆ ಓಲೆ ಹಾಕಿಕೊಂಡರೆ ಕಿವಿ ಸುಡುತ್ತಿತ್ತು. ಹಾಗಿರುವಾಗ ಉಜ್ಜೀವನ ಕೂಟ ಬಂತು, ಪ್ರಸಂಗಿಗಳು ಕರೆದರು, ನಾನು ಕಳಚಿ ಚೀಲಕ್ಕೆ ಹಾಕಿದೆ. ಎಂಥ ಹಗುರ! ಮುಂದಿನ ಭಾನುವಾರ ನನ್ನಿಂದ ಸಾಕ್ಷಿ ಹೇಳಿಸಿದರು. ಕರ್ತನಿಗಾಗಿ ತಾಯಿಯ ಓಲೆಯನ್ನೇ ಕೊಟ್ಟ ಸಹೋದರಿ ಎಂದು ಸ್ತ್ರೀಯರ ಸಂಘದಲ್ಲಿ ವೇದಪಾಠ ನಡೆಸುವ ಕೆಲಸ ಕೊಟ್ಟರು. ಓಣಿಯಲ್ಲಿ ಮಾತ್ರ ಆ ಇನ್ನೊಬ್ಬ ಹೆಂಗಸು ಕಳ್ಳಿಯಾಗಿಯೇ ಉಳಿದಳು.

ನಾನು ಮಾಡಿದ್ದು ಏನು? ಪಶ್ಚಾತ್ತಾಪವೇ? ಆ ಶಬ್ದವನ್ನೇ ನೋಡಿ. ಪಶ್ಚಾತ್ ಎಂದರೆ ಆಮೇಲೆ, ತಾಪ ಎಂದರೆ ಸುಡು. ಆಮೇಲೆ ಸುಡುವುದು ಪಶ್ಚಾತ್ತಾಪ. ಆ ಲೆಕ್ಕದಲ್ಲಿ ನನ್ನದು ಅಪ್ಪಟ ಪಶ್ಚಾತ್ತಾಪ. ಆದರೆ ಸುಡುವಿಕೆ ನನ್ನೊಳಗೇ ಹುಟ್ಟಿ ನನ್ನೊಳಗೇ ಆರಿಹೋಯಿತು. ಅದರಿಂದ ಯಾರ ಒಲೆಯ ಮೇಲೂ ಒಂದು ರೊಟ್ಟಿ ಬೇಯಲಿಲ್ಲ.

ಸತ್ಯವೇದದ ಮಾತೇ ಬೇರೆ. ಗ್ರೀಕಿನಲ್ಲಿ ಅದಕ್ಕೆ ಇರುವ ಮೆಟನೊಯಾ ಎಂಬ ಪದಕ್ಕೆ ಮನಸ್ಸು ಬದಲಾಗುವುದು ಎಂದರ್ಥ. ನಮ್ಮ ಹಿರಿಯರು ಅದನ್ನು ಮಾನಸಾಂತರ ಎಂದು ಸರಿಯಾಗಿಯೇ ಕನ್ನಡಕ್ಕೆ ತಂದರು. ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲಿರುವ ಪದ ಶೂವ್. ತಿರುಗು, ಹಿಂದಕ್ಕೆ ಬಾ ಎಂದರ್ಥ. ಅದೇ ಧಾತುವಿಗೆ ಇನ್ನೊಂದು ರೂಪ ಕೊಟ್ಟರೆ ಹಿಂದಕ್ಕೆ ಕೊಡು ಎಂದಾಗುತ್ತದೆ. ಕದ್ದದ್ದನ್ನು ಕೊಡಬೇಕು ಎನ್ನುವಾಗ ಯಾಜಕಕಾಂಡ ಬಳಸುವುದು ಆ ರೂಪವನ್ನೇ. ಕನ್ನಡದಲ್ಲಿಯೂ ಹಾಗೆಯೇ ಅಲ್ಲವೆ? ಹಿಂತಿರುಗುವುದು, ಹಿಂತಿರುಗಿಸುವುದು. ನಡುವೆ ಒಂದೇ ಅಕ್ಷರ. ಆ ಒಂದು ಅಕ್ಷರವನ್ನು ನಾವು ನುಂಗಿಬಿಟ್ಟಿದ್ದೇವೆ. ದೇವರ ಕಡೆಗೆ ಹಿಂತಿರುಗುತ್ತೇವೆ, ಮನುಷ್ಯರಿಗೆ ಹಿಂತಿರುಗಿಸುವುದಿಲ್ಲ. ನನ್ನ ವಾದವೆಲ್ಲ ಇಷ್ಟೇ: ಹಿಂತಿರುಗಿಸದವರು ಹಿಂತಿರುಗಿಲ್ಲ.

ಇದು ನನ್ನ ಹೊಸ ಬೋಧನೆಯಲ್ಲ. ಯಾಜಕಕಾಂಡದ ಆರನೆಯ ಅಧ್ಯಾಯ ತೆಗೆದು ನೋಡಿ. ನೆರೆಯವನಿಗೆ ಮೋಸ ಮಾಡಿದವನು ಮೊದಲು ಅವನ ಸೊತ್ತನ್ನು ಪೂರ್ತಿ ಕೊಡಬೇಕು, ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು, ಆಮೇಲೆ ದೇವರಿಗೆ ಟಗರನ್ನು ತರಬೇಕು. ಮೊದಲು ನೆರೆಯವನು, ನಂತರ ಬಲಿ. ಯೇಸು ಬೆಟ್ಟದ ಮೇಲೆ ಹೇಳಿದ್ದೂ ಅದೇ. ಯಜ್ಞವೇದಿಯ ಮುಂದೆ ನಿಂತಾಗ ನಿನ್ನ ಮೇಲೆ ಯಾರಿಗಾದರೂ ದೂರಿದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಅವರೊಂದಿಗೆ ಸಮಾಧಾನವಾಗು ಎಂದ. ನಮ್ಮ ಕೂಟದಲ್ಲಿ ಯಾರಾದರೂ ಓಲೆಯನ್ನು ಚೀಲದ ಬಾಯಿಯಲ್ಲೇ ಬಿಟ್ಟು ಎದ್ದು ಹೋಗಿದ್ದರೆ ಏನಾಗುತ್ತಿತ್ತು? ಸ್ವಯಂಸೇವಕರು ಓಡಿಬಂದು, 'ಯಾಕ ಅಕ್ಕಾರ, ಆರಾಮ ಇಲ್ಲೇನು?' ಎಂದು ಕೇಳುತ್ತಿದ್ದರು.

ಸ್ನಾನಿಕ ಯೋಹಾನನ ಹತ್ತಿರ ಜನ ಬಂದು ನಾವೇನು ಮಾಡಬೇಕು ಎಂದು ಕೇಳಿದ್ದನ್ನು ಲೂಕ ಬರೆದಿದ್ದಾನೆ. ಎರಡು ಅಂಗಿ ಇದ್ದವನು ಒಂದನ್ನು ಇಲ್ಲದವನಿಗೆ ಕೊಡಲಿ. ಸುಂಕದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೇಳಬಾರದು. ಸಿಪಾಯಿಗಳು ಯಾರ ಮೇಲೂ ಸುಳ್ಳು ದೂರು ಹೊರಿಸಿ ಕಸಿದುಕೊಳ್ಳಬಾರದು, ಸಂಬಳದಲ್ಲಿ ತೃಪ್ತಿಪಡಬೇಕು. ಮೂರು ಉತ್ತರಗಳಲ್ಲಿ ಒಂದರಲ್ಲಿಯೂ ಅಳು ಎಂದಿಲ್ಲ, ಉಪವಾಸ ಮಾಡು ಎಂದಿಲ್ಲ. ಬಟ್ಟೆ, ದುಡ್ಡು, ಪಗಾರ, ಸುಳ್ಳು ದೂರು. ಅಡವಿಯಲ್ಲಿ ಮಿಡತೆ ತಿಂದುಕೊಂಡಿದ್ದ ಆ ಮನುಷ್ಯನಿಗೆ ನನ್ನ ಅಡಿಗೆಮನೆಯ ಲೆಕ್ಕ ಹೇಗೆ ಗೊತ್ತಾಯಿತೋ!

ಪ್ರಸಂಗಿಗಳು ಓದಿದ ಪೇತ್ರನ ಪತ್ರಿಕೆಯ ಹಿಂದೆಯೇ ಯಾಕೋಬನ ಪತ್ರಿಕೆ ಇದೆ. ಅದರ ಕೊನೆಯ ಅಧ್ಯಾಯದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂಬ ಮಾತಿದೆ. ಕೂಲಿಯ ಆ ಮಾತಿಗೂ ಓಲೆಯ ಈ ಮಾತಿಗೂ ಸತ್ಯವೇದದಲ್ಲಿ ಕೆಲವೇ ಹಾಳೆಗಳ ಅಂತರ. ಐವತ್ತು ವರ್ಷಗಳಲ್ಲಿ ಹೆಂಗಸರ ಒಡವೆಯ ಮೇಲೆ ನಾನು ಕೇಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಹಿಡಿದಿಟ್ಟ ಕೂಲಿಯ ಮೇಲೆ ಒಂದನ್ನೂ ಕೇಳಿಲ್ಲ. ನಾಲ್ಕು ಹಾಳೆ ಹಿಂದಕ್ಕೆ ತಿರುವುವುದು ಅಷ್ಟು ಕಷ್ಟವೆ? ತಿರುವಿದರೆ ಪೆಂಡಾಲಿಗೆ ಚಂದಾ ಕೊಟ್ಟವರು ಮುಂದಿನ ವರ್ಷ ಕೊಡಲಾರರು ಎಂಬ ಹೆದರಿಕೆ ಇರಬಹುದು.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಪ್ರಕಟಣೆ ಓದುತ್ತಾರೆ. ಈ ವಿವಾಹಕ್ಕೆ ಅಡ್ಡಿಯಾಗುವ ಕಾರಣ ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು ಎಂದು ಕೇಳುತ್ತಾರೆ. ಹುಡುಗಿಯ ತಂದೆ ಮನೆ ಅಡವಿಟ್ಟು ಎಷ್ಟು ತಂದನೆಂದು ಬೆಂಚುಬೆಂಚಿಗೆ ಗೊತ್ತಿರುತ್ತದೆ. ವರದಕ್ಷಿಣೆ ನಿಷೇಧದ ಕಾಯಿದೆ 1961 ರಲ್ಲಿಯೇ ಬಂದಿದೆ. ಮೂರು ಭಾನುವಾರವೂ ಎಲ್ಲರೂ ಸುಮ್ಮನಿರುತ್ತಾರೆ. ಆಮೇಲೆ ಮದುವೆಯ ದಿನ ಮದುಮಗಳ ರವಿಕೆಯ ಕೈ ಗಿಡ್ಡವಾಯಿತೆಂದು ಗುಸುಗುಸು ನಡೆಯುತ್ತದೆ. ಪರಿಶುದ್ಧತೆಯ ಅಳತೆಗೋಲು ನಮ್ಮಲ್ಲಿ ಹಾದುಹೋಗುವುದು ದರ್ಜಿಯ ಅಂಗಡಿಯ ಮುಂದೆ ಮಾತ್ರ.

ಪಶ್ಚಾತ್ತಾಪದ ಮಾದರಿ ಎಂದು ನಮಗೆ ಕಲಿಸುವುದು ದಾವೀದನ 51 ನೆಯ ಕೀರ್ತನೆ. ಮಗುವಾಗಿದ್ದಾಗ ಬಾಯಿಪಾಠ ಮಾಡಿದ್ದೇನೆ. ಊರೀಯನ ಹೆಂಡತಿಯಾದ ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಂಡು, ಆಮೇಲೆ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ಕೊಲ್ಲಿಸಿದ ರಾಜ, ಪ್ರವಾದಿ ನಾತಾನನು ಎಚ್ಚರಿಸಿದಾಗ ಪ್ರಾರ್ಥಿಸಿದ್ದೆಂದು ಅದರ ತಲೆಬರಹ ಹೇಳುತ್ತದೆ. ಅವನ ಕಣ್ಣೀರನ್ನು ನಾನು ಸಂಶಯಿಸುವುದಿಲ್ಲ. ಆದರೆ ದೇವರಿಗೆ ಮಾತ್ರವೇ ತಪ್ಪು ಮಾಡಿದೆ ಎಂಬರ್ಥದ ಮಾತು ಅದರಲ್ಲಿ ಬಂದಾಗ ಈಗ ನನ್ನ ನಾಲಿಗೆ ತಡೆಯುತ್ತದೆ. ಊರೀಯನಿಗೆ? ಗಂಡನನ್ನು ಕಳೆದುಕೊಂಡ ಬತ್ಷೆಬೆಗೆ? ಅವಳ ಮುಂದೆ ರಾಜ ಒಂದು ಸಲ ತಲೆ ತಗ್ಗಿಸಿದನೆಂದು ಎಲ್ಲಿಯೂ ಬರೆದಿಲ್ಲ. ವಿಚಿತ್ರವೆಂದರೆ, ಐಶ್ವರ್ಯವಂತನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕಥೆಯನ್ನು ನಾತಾನ ಹೇಳಿದಾಗ, ಅವನು ನಾಲ್ಕರಷ್ಟು ಕೊಡಬೇಕು ಎಂದು ಸಿಟ್ಟಿನಿಂದ ತೀರ್ಪು ಕೊಟ್ಟವನು ಇದೇ ದಾವೀದ. ಬೇರೆಯವರ ಕಥೆಯಲ್ಲಿ ನಮಗೆಲ್ಲ ನ್ಯಾಯ ಬಹಳ ಚೆನ್ನಾಗಿ ಗೊತ್ತಿರುತ್ತದೆ.

ಗಂಡಸಿನ ಪಾಪಕ್ಕೆ ಕೀರ್ತನೆ ಸಿಕ್ಕಿತು. ಹೆಣ್ಣಿನ ಪಾಪಕ್ಕೆ ಸಿಕ್ಕಿದ್ದೇನು? ಮಗ್ದಲದ ಮರಿಯಳನ್ನು ನೋಡಿ. ಅವಳು ವೇಶ್ಯೆಯಾಗಿದ್ದಳೆಂದು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. ಏಳು ದೆವ್ವಗಳಿಂದ ಬಿಡುಗಡೆಯಾದವಳು, ತನ್ನ ಸ್ವಂತ ಹಣದಿಂದ ಯೇಸುವಿನ ಸೇವೆಗೆ ನೆರವಾದವಳು, ಎದ್ದುಬಂದ ಯೇಸುವನ್ನು ಮೊದಲು ಕಂಡು ಶಿಷ್ಯರಿಗೆ ಸುದ್ದಿ ಮುಟ್ಟಿಸಿದವಳು. 591 ರಲ್ಲಿ ಪೋಪ್ ಒಂದನೆಯ ಗ್ರೆಗೊರಿ ಒಂದು ಪ್ರಸಂಗದಲ್ಲಿ ಅವಳನ್ನೂ ಲೂಕನ ಸುವಾರ್ತೆಯ ಹೆಸರಿಲ್ಲದ ಪಾಪಿ ಹೆಂಗಸನ್ನೂ ಸೇರಿಸಿ ಒಬ್ಬಳನ್ನಾಗಿ ಮಾಡಿದರು. ಅಲ್ಲಿಂದ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಪಶ್ಚಾತ್ತಾಪ ಎಂದರೆ ಕೂದಲು ಬಿಚ್ಚಿಕೊಂಡು ಅಳುವ ಮರಿಯಳ ಚಿತ್ರ. ರೋಮನ್ ಕಥೋಲಿಕ ಸಭೆ ತನ್ನ ಪಂಚಾಂಗದಲ್ಲಿ ಇದನ್ನು ಸರಿಪಡಿಸಿಕೊಂಡದ್ದು 1969 ರಲ್ಲಿ. ಅವಳ ಸ್ಮರಣೆಯನ್ನು ಅಪೊಸ್ತಲರಂತೆಯೇ ಹಬ್ಬದ ದರ್ಜೆಗೆ ಏರಿಸಿದ್ದು 2016 ರಲ್ಲಿ. 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲಾರದು' ಎನ್ನುತ್ತಾರಲ್ಲ, ಹಾಗಾಯಿತು. ಇಂದಿಗೂ ನಾಟಕ ಸಿನಿಮಾಗಳಲ್ಲಿ ಅವಳು ಅಳುತ್ತಲೇ ಬರುತ್ತಾಳೆ.

ಹೆಸರು ಕೆಡಿಸಿದ್ದು ಅಲ್ಲಿಗೇ ನಿಲ್ಲಲಿಲ್ಲ. ಐರ್ಲೆಂಡಿನಲ್ಲಿ ಅವಳ ಹೆಸರಿನಲ್ಲಿ ಬಟ್ಟೆ ಒಗೆಯುವ ಆಶ್ರಮಗಳು ನಡೆದವು. ಅಂಥ ಮೊದಲನೆಯ ಆಶ್ರಮವನ್ನು 1767 ರಲ್ಲಿ ಡಬ್ಲಿನ್ನಿನಲ್ಲಿ ಆರಂಭಿಸಿದವರು ನಮ್ಮ ಪ್ರೊಟೆಸ್ಟೆಂಟರೇ; ಆಮೇಲೆ ಹೆಚ್ಚಾಗಿ ಕಥೋಲಿಕ ಸನ್ಯಾಸಿನಿಯರ ಮಠಗಳು ನಡೆಸಿದವು. ಮದುವೆಯಿಲ್ಲದೆ ತಾಯಿಯಾದವರು, ಅನಾಥರು, ಮನೆಯವರಿಗೆ ಬೇಡವಾದವರು ಅಲ್ಲಿಗೆ ಬರುತ್ತಿದ್ದರು. ಊರಿನ ಬಟ್ಟೆಯನ್ನೆಲ್ಲ ಕೂಲಿಯಿಲ್ಲದೆ ಒಗೆಯುತ್ತಿದ್ದರು. ಅವರನ್ನು ಕರೆಯುತ್ತಿದ್ದ ಹೆಸರು 'ಪಶ್ಚಾತ್ತಾಪಿಗಳು'. 1922 ರಿಂದ ಈಚೆಗೆ ಸುಮಾರು 10,000 ಹೆಂಗಸರು ಆ ಬಾಗಿಲುಗಳ ಒಳಗೆ ಹೋದರೆಂದು ಅಲ್ಲಿಯ ಸರಕಾರದ ವರದಿ ಹೇಳಿತು. ಕೊನೆಯದು ಮುಚ್ಚಿದ್ದು 1996 ರಲ್ಲಿ. 2013 ರಲ್ಲಿ ಪ್ರಧಾನಿ ಎಂಡಾ ಕೆನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು, ಸರಕಾರ ಪರಿಹಾರದ ಯೋಜನೆ ಮಾಡಿತು. ಆಶ್ರಮಗಳನ್ನು ನಡೆಸಿದ ನಾಲ್ಕು ಮಠಗಳು ಆ ಪರಿಹಾರಕ್ಕೆ ಹಣ ಸೇರಿಸಲು ಒಪ್ಪಲಿಲ್ಲ. ಜೀವಮಾನವಿಡೀ ಬೇರೆಯವರಿಗೆ ಪಶ್ಚಾತ್ತಾಪ ಕಲಿಸಿದವರು ತಮ್ಮ ಸರದಿ ಬಂದಾಗ ಚೀಲದ ಬಾಯಿ ಬಿಗಿದುಕೊಂಡರು. ಇದನ್ನು ಓದಿ ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನನ್ನ ಮನೆಯ ಹಿತ್ತಿಲ ಬಾಗಿಲು ನೆನಪಾಯಿತು. ಕೂಲಿಯಿಲ್ಲದೆ ತಿಕ್ಕಿಸಿಕೊಂಡ ಪಾತ್ರೆ ನಮ್ಮ ಮನೆಯಲ್ಲೂ ಇತ್ತಲ್ಲ.

ಕಣ್ಣೀರನ್ನೇ ಹಳಿಯುತ್ತಿದ್ದೇನೆಂದು ತಿಳಿಯಬೇಡಿ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858 ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರನ್ನು ನೆನೆಯಿರಿ. ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ 1905 ರಲ್ಲಿ ದೊಡ್ಡ ಉಜ್ಜೀವನವಾಯಿತು. ನೂರಾರು ಹುಡುಗಿಯರು ಪಾಪ ಒಪ್ಪಿಕೊಂಡು ಗಟ್ಟಿಯಾಗಿ ಅತ್ತರು, ಪ್ರಾರ್ಥಿಸಿದರು. ಆದರೆ ಆ ಹುಡುಗಿಯರು ಅಲ್ಲಿಗೆ ಬಂದದ್ದು ಹೇಗೆ? 1896-97 ರ ಬರಗಾಲದಲ್ಲಿ ರಮಾಬಾಯಿ ತಾವೇ ಮಧ್ಯಪ್ರಾಂತಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದಿದ್ದರು. ಅದೇ ಆವರಣದಲ್ಲಿ ಮಗ್ಗವಿತ್ತು, ಎಣ್ಣೆಗಾಣವಿತ್ತು, ಮುದ್ರಣಾಲಯವಿತ್ತು. ಯಾರಿಗೂ ಬೇಡವಾಗಿದ್ದ ಹೆಣ್ಣುಮಕ್ಕಳು ಅಲ್ಲಿ ಅಚ್ಚುಮೊಳೆ ಜೋಡಿಸಲು ಕಲಿತರು. ಅಲ್ಲಿಯ ಕಣ್ಣೀರು ದುಡಿಯುವ ಕೈಗಳ ಮೇಲೆ ಬಿದ್ದ ಕಣ್ಣೀರು. ಪಂಡಿತೆಯ ಹೆಸರು ಹೇಳಿ ಅಳಿಸುವ ಪ್ರಸಂಗಿಗಳಿದ್ದಾರೆ. ಅವರ ಗಾಣದ ಸುದ್ದಿ ಹೇಳುವವರು ಕಡಿಮೆ.

'ಅಕ್ಕಾರ, ನೀವು ಕೃಪೆಯನ್ನು ಬಿಟ್ಟು ಕ್ರಿಯೆಯನ್ನು ಹಿಡಿದಿರಿ. ರಕ್ಷಣೆ ನಂಬಿಕೆಯಿಂದಲೇ ಹೊರತು ದುಡ್ಡು ಕೊಡುವುದರಿಂದ ಅಲ್ಲ' ಎಂದು ನಮ್ಮ ಸಭೆಯ ಹಿರಿಯರೊಬ್ಬರು ನನಗೆ ಬುದ್ಧಿ ಹೇಳಿದ್ದಾರೆ. ಕೃಪೆಯನ್ನು ಕೊಳ್ಳಲಾಗದೆಂದು ನನಗೂ ಗೊತ್ತು, ನಾವೂ ಲೂಥರನ ಮಕ್ಕಳೇ. ಆದರೆ 1517 ರಲ್ಲಿ ಆತ ಬರೆದ 95 ಸೂತ್ರಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಇಡೀ ಬದುಕು ಮಾನಸಾಂತರವಾಗಿರಬೇಕು ಎನ್ನುತ್ತದೆ. ಪಾಪದ ಶಿಕ್ಷೆ ತಪ್ಪಿಸುವ ಚೀಟಿ ಕೊಳ್ಳುವುದಕ್ಕಿಂತ ಬಡವರಿಗೆ ಕೊಡುವುದು ಮೇಲು ಎಂದೂ ಅದರಲ್ಲಿ ಇದೆ. ನನ್ನ ಓಲೆ ಅಂಥದೇ ಒಂದು ಚೀಟಿ. ಅದನ್ನು ಚೀಲಕ್ಕೆ ಹಾಕಿ ನಾನು ಓಣಿಯ ಮುಂದೆ ಬಾಯಿ ತೆರೆಯುವ ಕಷ್ಟದಿಂದ ಪಾರಾಗುವ ಸೌಕರ್ಯ ಕೊಂಡಿದ್ದೆ. ಜರ್ಮನಿಯ ಪಾದ್ರಿ ಬೊನ್‌ಹೋಫರ್ 1937 ರ ತಮ್ಮ ಪುಸ್ತಕದಲ್ಲಿ ಇಂಥದಕ್ಕೆ ಅಗ್ಗದ ಕೃಪೆ ಎಂದು ಹೆಸರಿಟ್ಟರು. ಬೆಲೆ ತೆರದ ಶಿಷ್ಯತ್ವವನ್ನು ಅವರು ಒಪ್ಪಲಿಲ್ಲ. ಹಿಟ್ಲರನ ಆಳ್ವಿಕೆ 1945 ರ ಏಪ್ರಿಲಿನಲ್ಲಿ ಅವರನ್ನು ಗಲ್ಲಿಗೇರಿಸಿತು. ನನ್ನಿಂದ ಯಾರೂ ಪ್ರಾಣ ಕೇಳಿರಲಿಲ್ಲ. ನಳದ ಹತ್ತಿರ ನಾಲ್ಕು ಮಾತು ಆಡಬೇಕಾಗಿತ್ತು, ಅಷ್ಟೇ.

ಆ ನಾಲ್ಕು ಮಾತು ಆಡಿದ್ದು ಹೇಗೆ ಎಂದು ಹೇಳಿ ಮುಗಿಸುತ್ತೇನೆ. ಸ್ತ್ರೀಯರ ಸಂಘದಲ್ಲಿ ಒಂದು ವಾರ ನನ್ನ ಪಾಲಿಗೆ ಬಂದ ಪಾಠ ಜಕ್ಕಾಯನದು. ಮರ ಹತ್ತಿದ ಕುಳ್ಳ ಸುಂಕದವನು. ಯೇಸು ಅವನ ಮನೆಗೆ ಊಟಕ್ಕೆ ಬಂದಾಗ ಆತ ಎದ್ದು ನಿಂತು, ಆಸ್ತಿಯ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎನ್ನುತ್ತಾನೆ. ಆ ಮಾತಾದ ಮೇಲೆಯೇ ಯೇಸು ಈ ಮನೆಗೆ ಇಂದು ರಕ್ಷಣೆ ಬಂತು ಎನ್ನುವುದು. ಪಾಠಕ್ಕೆ ಸಿದ್ಧಮಾಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ತಾನಾಗಿ ಒಪ್ಪಿಕೊಂಡವನಿಗೆ ಮೋಶೆಯ ಕಾನೂನಿನಲ್ಲಿ ಅಸಲು ಮತ್ತು ಐದನೆಯ ಒಂದು ಪಾಲು ಸಾಕು. ಕುರಿಗೆ ನಾಲ್ಕು ಕುರಿ ಎಂಬುದು ಕಳ್ಳನಿಗೆ ಇಟ್ಟ ದಂಡ. ಜಕ್ಕಾಯ ತನ್ನನ್ನು ತಾನೇ ಕಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದ.

ಅಂದು ರಾತ್ರಿ ನಾನು ಲೆಕ್ಕಕ್ಕೆ ಕೂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ಹಾಕಿದ್ದು ಐದನೆಯ ಒಂದರ ಲೆಕ್ಕ. 1,200 ಕ್ಕೆ 240 ಸೇರಿಸಿದರೆ 1,440. ನಾಲ್ಕರಷ್ಟಾದರೆ 4,800. ಯಾಜಕಕಾಂಡವೂ ದೇವರ ವಾಕ್ಯವೇ ತಾನೆ ಎಂದು ಮನಸ್ಸು ಒಳಗೊಳಗೇ ವಾದಿಸಿತು. ಪರಿಶುದ್ಧ ಹೆಂಗಸು ರಾತ್ರಿ ಹನ್ನೊಂದು ಗಂಟೆಗೆ ದೇವರ ಜೊತೆ 3,360 ರೂಪಾಯಿಗೆ ಚೌಕಾಸಿ ಮಾಡುತ್ತಿದ್ದಳು! ಕೊನೆಗೆ 4,800 ನ್ನು ಲಕೋಟೆಯಲ್ಲಿ ಹಾಕಿದೆ. ನಮ್ಮ ಮನೆಯವರು, 'ರೊಕ್ಕ ಕೊಟ್ಟು ಬಾ, ಹೆಚ್ಚಿಗಿ ಮಾತಾಡಬ್ಯಾಡ' ಎಂದರು.

ಆಕೆ ಊರಿನ ಇನ್ನೊಂದು ಮಗ್ಗುಲಲ್ಲಿ ಬಾಡಿಗೆಗೆ ಇದ್ದಳು. ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು, ಒಳಗೆ ಕರೆಯಲಿಲ್ಲ. ಓಲೆ ಸಿಕ್ಕಿತೆಂದೆ, ತಪ್ಪು ನನ್ನದೆಂದೆ, ಅಳಲು ಆರಂಭಿಸಿದೆ.

'ಯಾವಾಗ ಸಿಕ್ತ್ರಿ?' ಎಂದು ಕೇಳಿದಳು.

ಮೂರು ವರ್ಷವಾಯಿತು ಎಂದೆ.

'ಮೂರು ವರ್ಷ ನಿಮಗ ಗೊತ್ತಿತ್ತು' ಎಂದಳು. ದನಿ ಏರಿಸಲಿಲ್ಲ. ನನ್ನ ಅಳು ತಾನಾಗಿ ನಿಂತಿತು. ಲಕೋಟೆ ತೆಗೆದುಕೊಂಡಳು, ನನ್ನ ಎದುರಿಗೇ ನೋಟು ಎಣಿಸಿದಳು. ಎಣಿಸಿ, 'ರೊಕ್ಕ ಕೈಯಾಗ ಕೊಟ್ರ ಯಾರಿಗೆ ತಿಳೀತೈತ್ರಿ ಅಕ್ಕಾರ? ಕಳ್ಳಿ ಅಂದದ್ದು ಓಣಿ ಮುಂದ ಅಂದಿದ್ರಿ' ಎಂದಳು.

ನಾನು ಸಿದ್ಧವಾಗಿ ಹೋದದ್ದು ದುಡ್ಡಿಗೆ, ಕಣ್ಣೀರಿಗೆ. ಆಕೆ ಕೇಳಿದ್ದು ತನ್ನ ಹೆಸರನ್ನು. ಮುಂದಿನ ಸಲ ನಳ ಬಂದ ದಿನ ನಾನು ಕೊಡ ಹಿಡಿಯದೆ ಹೊರಗೆ ಬಂದು ನಿಂತೆ. ಓಲೆ ನಮ್ಮ ಕೌದಿಯಲ್ಲೇ ಇತ್ತು, ಆಕೆ ಕದ್ದಿರಲಿಲ್ಲ, ಮೂರು ವರ್ಷ ಗೊತ್ತಿದ್ದೂ ನಾನು ಸುಮ್ಮನಿದ್ದೆ ಎಂದು ಹೇಳಿದೆ. ಆಕೆಯನ್ನು ಬಿಡಿಸಿದ್ದ ಮೂರು ಮನೆಗಳಿಗೂ ಹೋಗಿ ಹೇಳಿದೆ. ಒಬ್ಬರು ಹೌದೇ ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಇನ್ನೊಬ್ಬರು, 'ಇಷ್ಟು ದಿನ ಆದ ಮ್ಯಾಲ ಯಾಕ ಕೆದರ್ತೀರಿ?' ಎಂದರು. ಮೂರನೆಯವರು ನಗುತ್ತ, ಹಾಗಾದರೆ ನಮ್ಮ ಮನೆಯಲ್ಲಿ ಕಳೆದ ಚಮಚ ಯಾರದು ಎಂದರು. ಒಮ್ಮೆ ಹೋದ ಹೆಸರು ಹೀಗೆ ಚೂರುಚೂರಾಗಿಯೇ ಮರಳಿ ಬರುವುದು, ಪೂರ್ತಿ ಬರುವುದಿಲ್ಲ.

ನಮ್ಮ ಸಭೆಯ ವಿಷಯವನ್ನೂ ಹೇಳಬೇಕು. ಓಲೆ ಕಳಚಿದಾಗ ನನ್ನಿಂದ ಸಾಕ್ಷಿ ಹೇಳಿಸಿದವರು ಈ ಸಾಕ್ಷಿಯನ್ನು ಕೇಳಲು ಇಷ್ಟಪಡಲಿಲ್ಲ. 'ಹೊರಗಿನವರ ಮುಂದೆ ಹೀಗೆಲ್ಲ ಹೇಳಿಕೊಂಡರೆ ಕ್ರೈಸ್ತರಿಗೆ ಕೆಟ್ಟ ಹೆಸರಲ್ಲವೆ?' ಎಂದರು. ವೇದಪಾಠ ಬೇರೆಯವರ ಪಾಲಾಯಿತು. ನನ್ನ ಬರಿಯ ಕಿವಿಯಿಂದ ಸಭೆಗೆ ಬಂದ ಒಳ್ಳೆಯ ಹೆಸರು ನನ್ನ ಬಾಯಿಂದ ಹೋಯಿತು.

ಆಕೆ ನನ್ನನ್ನು ಕ್ಷಮಿಸಿದಳೇ? ಗೊತ್ತಿಲ್ಲ, ಕೇಳುವ ಹಕ್ಕು ನನಗಿಲ್ಲ. ನಮ್ಮಲ್ಲಿ ಮತ್ತೆ ಕೆಲಸಕ್ಕೆ ಬರಲಿಲ್ಲ. ಸಂತೆಯಲ್ಲಿ ಕಂಡರೆ 'ಆರಾಮ್ರಿ ಅಕ್ಕಾರ?' ಎನ್ನುತ್ತಾಳೆ, ನಿಲ್ಲುವುದಿಲ್ಲ. ದೇವರ ಕ್ಷಮೆ ಮೊಣಕಾಲೂರಿದ ಕೂಡಲೇ ಸಿಗುತ್ತದೆ ಎಂದು ನನಗೆ ಕಲಿಸಿದ್ದರು. ಮನುಷ್ಯರದು ಅವರ ಕಾಲಕ್ಕೆ, ಅವರ ಇಷ್ಟಕ್ಕೆ ಸಿಗುವುದು, ಸಿಗದೆಯೂ ಹೋಗಬಹುದು ಎಂದು ಯಾರೂ ಕಲಿಸಿರಲಿಲ್ಲ. ಆದರೂ ಹಿಂತಿರುಗಿಸಬೇಕು.

ಓಲೆ ಹಾಕಿಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ಮನಃಪೂರ್ವಕ ಬಿಟ್ಟವರ ಬಗ್ಗೆ ನನಗೆ ಗೌರವವಿದೆ. ಆದರೆ ಮುಂದಿನ ಉಜ್ಜೀವನ ಕೂಟಕ್ಕೆ ಹೊರಡುವ ಮುನ್ನ, ಅಥವಾ ನೀವು ಬೇರೆ ಧರ್ಮದವರಾದರೆ ನಿಮ್ಮ ವ್ರತಕ್ಕೋ ಉಪವಾಸಕ್ಕೋ ಕೂಡುವ ಮುನ್ನ, ಕೆಲಸದಾಕೆಯ ಪಗಾರ ಯಾವ ತಾರೀಕಿನಿಂದ ಬಾಕಿ ಇದೆ ನೋಡಿ. ರಜೆ ಮಾಡಿದಳೆಂದು ಹಿಡಿದ ದುಡ್ಡು ಎಷ್ಟು, ಸೊಸೆಯಿಂದ ಇಸಿದುಕೊಂಡ ಬಂಗಾರ ಯಾರ ಪೆಟ್ಟಿಗೆಯಲ್ಲಿದೆ, ಯಾರ ಹೆಸರನ್ನು ಯಾವ ನಳದ ಹತ್ತಿರ ಕೆಡಿಸಿದ್ದೀರಿ, ನೆನಪು ಮಾಡಿಕೊಳ್ಳಿ. ಗಂಡಂದಿರಿಗೂ ಅವರ ಲೆಕ್ಕದ ಪುಸ್ತಕ ತೆಗೆಯಲು ಹೇಳಿ. ಕೊಡಬೇಕಾದವರಿಗೆ ಕೊಟ್ಟು, ಹೇಳಬೇಕಾದ ಕಡೆ ಹೇಳಿ, ಆಮೇಲೆ ಬಂದು ಪೆಂಡಾಲಿನಲ್ಲಿ ಕೂಡಿರಿ. ತಡವಾದರೆ ಚಿಂತೆಯಿಲ್ಲ. ಕಾಣಿಕೆ ಚೀಲ ಕಾಯುತ್ತದೆ, ಪಗಾರ ಕಾಯುವುದಿಲ್ಲ.